ಒಲಿಂಪಿಕ್ ಮಳೆಕಾಡಿಗೆ ಯಾವ ಮಳೆಕೋಟು?

"ಚಿಕ್ಕಪ್ಪ, ಈ ಮೂರರಲ್ಲಿ ಒಂದು ಹನಿಯನ್ನೂ ಒಳಗೆ ಬಿಡದ ಕೋಟು ಯಾವುದು?"

ಸಿಯಾಟಲ್ ಹೊರವಲಯದ ಮನೆಯೊಂದರ ಊಟದ ಮೇಜಿನ ಮೇಲೆ ಮೂರು ಮಳೆಕೋಟುಗಳು ಹರಡಿಕೊಂಡಿದ್ದವು. ಅಂಗಡಿಯ ಚೀಟಿ ಮೂರರಲ್ಲೂ ಹಾಗೇ ಇತ್ತು. ಒಂದನ್ನು ಉಳಿಸಿಕೊಂಡು ಎರಡನ್ನು ಹಿಂದಿರುಗಿಸಬೇಕು. ಕೇಳಿದವಳು ಬೆಂಗಳೂರಿನಲ್ಲಿ ಬೆಳೆದು, ಕೆಲಸದ ಮೇಲೆ ಇಲ್ಲಿಗೆ ಬಂದ ತರುಣಿ. ವಾಷಿಂಗ್ಟನ್ ರಾಜ್ಯದಲ್ಲಿ 1972ರ ಜನವರಿ 1ರ ನಂತರ ಹುಟ್ಟಿದವರು ಬೇಟೆಯ ಪರವಾನಗಿ ಪಡೆಯಬೇಕಾದರೆ ಮೊದಲು ಬೇಟೆ ತರಬೇತಿ ಮುಗಿಸಿರಬೇಕು. ಅವಳು ಅದನ್ನು ಮುಗಿಸಿ, ಮೊದಲ ಋತುವಿಗೆ ಸಿದ್ಧವಾಗುತ್ತಿದ್ದಳು. ಎದುರಿಗೆ ಕೂತವರು ಅವಳ ತಂದೆಯ ತಮ್ಮ. ತೀರ್ಥಹಳ್ಳಿ ಕಡೆಯವರು. ಈ ರಾಜ್ಯದಲ್ಲಿ ನೆಲೆಸಿ ದಶಕಗಳೇ ಆಗಿವೆ. ಶರತ್ಕಾಲ ಬಂತೆಂದರೆ ಒಲಿಂಪಿಕ್ ಪರ್ಯಾಯ ದ್ವೀಪದ ಪಶ್ಚಿಮದ ಕಾಡುಗಳಿಗೆ ಜಿಂಕೆ, ಎಲ್ಕ್ ಹುಡುಕಿಕೊಂಡು ಹೊರಡುವವರು.

"ಕೋಟಿನ ಮಾತು ಆಮೇಲೆ," ಎಂದರು ಅವರು. "ಎಲ್ಲಿಗೆ ಹೋಗ್ತೀಯ, ಯಾವಾಗ, ಕೂತು ಕಾಯ್ತೀಯೋ ನಡೆದು ಹುಡುಕ್ತೀಯೋ, ಅದನ್ನ ಮೊದಲು ಹೇಳು."

"ನವೆಂಬರ್ ನಡುವಿನಲ್ಲಿ. ಹೋ ನದಿಯ ಕಣಿವೆಯ ಕೆಳಭಾಗ, ನ್ಯಾಷನಲ್ ಪಾರ್ಕಿನ ಗಡಿಯಿಂದ ಆಚೆ. ಬ್ಲಾಕ್‌ಟೇಲ್ ಜಿಂಕೆಗೆ. ಬೆಳಗ್ಗೆ ಒಂದು ಕಡೆ ಕೂತು ನೋಡೋದು, ಆಮೇಲೆ ನಿಧಾನಕ್ಕೆ ನಡೆಯೋದು ಅಂದ್ಕೊಂಡಿದೀನಿ."

ಗಡಿಯ ವಿಷಯದಲ್ಲಿ ಅವಳ ಎಚ್ಚರ ಸರಿಯಾದದ್ದೇ. 1909ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಇಲ್ಲಿನ ಎಲ್ಕ್ ಹಿಂಡುಗಳನ್ನು ಉಳಿಸಲೆಂದು ಮೌಂಟ್ ಒಲಿಂಪಸ್ ಸುತ್ತಲಿನ ಪ್ರದೇಶವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಅದು 1938ರಲ್ಲಿ ಒಲಿಂಪಿಕ್ ನ್ಯಾಷನಲ್ ಪಾರ್ಕ್ ಆಯಿತು. ಆ ಎಲ್ಕ್ ತಳಿಗೆ ಇಂದಿಗೂ ರೂಸ್‌ವೆಲ್ಟ್ ಅವರದೇ ಹೆಸರು. ಪಾರ್ಕಿನೊಳಗೆ ಬೇಟೆ ಇಲ್ಲ. ಅದನ್ನು ಸುತ್ತುವರಿದ ರಾಷ್ಟ್ರೀಯ ಅರಣ್ಯದಲ್ಲಿ, ರಾಜ್ಯದ ಅರಣ್ಯ ಭೂಮಿಯಲ್ಲಿ ಋತು, ಪರವಾನಗಿ, ನಿಯಮಗಳಿಗೆ ಒಳಪಟ್ಟು ಉಂಟು. ಗಡಿ ಎರಡು ಕಡೆಯ ಕಾಡನ್ನು ಬೇರೆ ಮಾಡಿದೆಯೇ ಹೊರತು ಮಳೆಯನ್ನಲ್ಲ.

"ಮಳೆ ನನಗೇನು ಹೊಸದಲ್ಲ ಚಿಕ್ಕಪ್ಪ. ರಜೆಗೆ ಊರಿಗೆ ಬಂದಾಗೆಲ್ಲ ಆಗುಂಬೆ ಮಳೆ ನೋಡಿದೀನಿ."

"ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಹೋ ಮಳೆಕಾಡಿನಲ್ಲಿ ಅದರ ಅರ್ಧ, ಸುಮಾರು 3,500. ಅಳತೆಯಲ್ಲಿ ನಮ್ಮೂರಿನದೇ ದೊಡ್ಡದು. ಆದರೆ ಅಲ್ಲಿ ಜುಲೈ ತಿಂಗಳಲ್ಲಿ ನೆನೆದಾಗ ಗಾಳಿ 22, 23 ಡಿಗ್ರಿ ಇರುತ್ತೆ. ಮನೆಗೆ ಬಂದು ಬಚ್ಚಲೊಲೆ ಮುಂದೆ ಕೂತರೆ ಆಯ್ತು. ಇಲ್ಲಿ ಬೇಸಿಗೆ ಒಣ, ಮಳೆಯೆಲ್ಲ ಚಳಿಗಾಲಕ್ಕೆ. ನವೆಂಬರಿನಲ್ಲಿ ಹಗಲು 8, 9 ಡಿಗ್ರಿ, ಬೆಳಗಿನ ಜಾವ 2, 3. ಅದರ ಮೇಲೆ ಪೆಸಿಫಿಕ್ ಸಾಗರದಿಂದ ಬೀಸೋ ಗಾಳಿ. ನೆನೆದ ಮೈಯನ್ನ ಆ ಗಾಳಿ ಬಿಡೋದಿಲ್ಲ."

ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಅದಕ್ಕೆ ಹಿಮ ಬೀಳಲೇಬೇಕೆಂದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುವುದರಿಂದ, ನೆನೆದ ಬಟ್ಟೆ, ಗಾಳಿ, 5 ಡಿಗ್ರಿ ಚಳಿ ಮೂರೂ ಕೂಡಿದರೆ ಸಾಕು. ಮೊದಲು ನಡುಕ. ಆಮೇಲೆ ಬೆರಳು ಹೇಳಿದ ಮಾತು ಕೇಳುವುದಿಲ್ಲ, ನಾಲಿಗೆ ತೊದಲುತ್ತದೆ, ತೀರ್ಮಾನ ಮಂಕಾಗುತ್ತದೆ. ತನಗೆ ಹೀಗಾಗುತ್ತಿದೆ ಎಂದು ಆ ಮನುಷ್ಯನಿಗೇ ತಿಳಿಯದಿರುವುದು ಇದರ ಅತಿ ದೊಡ್ಡ ಅಪಾಯ.

"ಕೈಯಲ್ಲಿ ಕೋವಿ ಹಿಡಿದವರಿಗೆ ಅದು ಇನ್ನೂ ದೊಡ್ಡ ಅಪಾಯ," ಎಂದರು ಹಿರಿಯರು. "ಅದಕ್ಕೇ ನಾನು ನಿನ್ನ ಪ್ರಶ್ನೆಯನ್ನ ಬದಲಾಯಿಸ್ತೀನಿ. ಒಂದು ಹನಿಯೂ ಒಳಗೆ ಬರದ ಕೋಟು ಬೇಡ. ನೆನೆದ ಮೇಲೂ ಮೈ ಬೆಚ್ಚಗಿರಬೇಕು, ಕಿವಿ ತೆರೆದಿರಬೇಕು, ಬುದ್ಧಿ ನೆಟ್ಟಗಿರಬೇಕು. ಹಾಗೆ ಇಡೋ ಉಡುಪು ಯಾವುದು ಅಂತ ಕೇಳು."

ಅವಳು ಮೊದಲ ಕೋಟನ್ನು ಎತ್ತಿಕೊಂಡಳು. ಮೂರು ಪದರದ ಗೋರ್‌ಟೆಕ್ಸ್, ಬೆಟ್ಟ ಹತ್ತುವವರು ತೊಡುವಂಥದ್ದು. ಹಗುರ, ಗಟ್ಟಿ, ಮೂರರಲ್ಲಿ ಅತಿ ದುಬಾರಿ.

"ಇದು ನೀರು ಒಳಗೆ ಬಿಡೋದಿಲ್ಲ, ಬೆವರನ್ನ ಹೊರಗೆ ಬಿಡುತ್ತೆ ಅಂತ ಬರೆದಿದೆ. ಎರಡೂ ಹೇಗೆ ಸಾಧ್ಯ?"

ಸಾಧ್ಯವಾದದ್ದು 1969ರಲ್ಲಿ. ಟೆಫ್ಲಾನ್ ಎಂದು ನಮಗೆ ಗೊತ್ತಿರುವ ಪಿಟಿಎಫ್‌ಇ ಸರಳನ್ನು ಬಿಸಿ ಮಾಡಿ ಒಮ್ಮೆಲೇ ಜಗ್ಗಿದಾಗ ಅದು ತುಂಡಾಗದೆ ಉದ್ದಕ್ಕೆ ಹಿಗ್ಗಿ, ಒಳಗೆಲ್ಲ ಸೂಕ್ಷ್ಮ ರಂಧ್ರಗಳಾಗುವುದನ್ನು ಬಾಬ್ ಗೋರ್ ಕಂಡುಕೊಂಡರು. ಮಳೆಹನಿ ನುಗ್ಗಲಾರದಷ್ಟು ಸಣ್ಣ, ನೀರಾವಿಯ ಅಣು ಸಲೀಸಾಗಿ ದಾಟುವಷ್ಟು ದೊಡ್ಡ ರಂಧ್ರಗಳವು. ಆ ಪೊರೆಯನ್ನು ಬಟ್ಟೆಗೆ ಅಂಟಿಸಿದ ಮಳೆಕೋಟುಗಳು 1976ರಲ್ಲಿ ಮಾರಾಟಕ್ಕೆ ಬಂದವು. ಮೊದಲು ಮಾರಿದವರಲ್ಲಿ ಸಿಯಾಟಲ್‌ನದೇ ಆದ ಅರ್ಲಿ ವಿಂಟರ್ಸ್ ಕಂಪನಿಯೂ ಒಂದು. ಈ ಊರಿನ ಮಳೆಗೂ ಆ ಬಟ್ಟೆಗೂ ಅಂದಿನಿಂದ ನಂಟು.

"ಆದರೆ ಆವಿ ತಾನಾಗೇ ಹೊರಗೆ ಹೋಗೋದಿಲ್ಲ," ಹಿರಿಯರು ವಿವರಿಸಿದರು. "ಒಳಗೆ ಆವಿಯ ಒತ್ತಡ ಜಾಸ್ತಿ, ಹೊರಗೆ ಕಡಿಮೆ ಇದ್ದರೆ ಮಾತ್ರ ಹೋಗುತ್ತೆ. ಕೋಟಿನೊಳಗೆ 30 ಡಿಗ್ರಿಯ ತೇವ ತುಂಬಿದ ಗಾಳಿ ಇದೆ ಅನ್ನು. ಅದರ ಆವಿಯ ಒತ್ತಡ ಸುಮಾರು 4.2 ಕಿಲೋಪ್ಯಾಸ್ಕಲ್. ಆಗುಂಬೆಯ ಮಳೆಗಾಳಿ 23 ಡಿಗ್ರಿಯಲ್ಲಿ 2.8. ಹೋ ಕಣಿವೆಯದು 5 ಡಿಗ್ರಿಯಲ್ಲಿ 0.9ರ ಒಳಗೆ. ಈಗ ವ್ಯತ್ಯಾಸ ಲೆಕ್ಕ ಹಾಕು."

"ಅಲ್ಲಿ 1.4. ಇಲ್ಲಿ 3.3ಕ್ಕೂ ಹೆಚ್ಚು. ಅಂದರೆ ಇದೇ ಕೋಟು ಮಲೆನಾಡಿನಲ್ಲಿ ಬೆವರಿನ ಗೂಡಾಗುತ್ತೆ, ಇಲ್ಲಿ ಎರಡು ಪಟ್ಟಿಗಿಂತ ಚೆನ್ನಾಗಿ ಕೆಲಸ ಮಾಡುತ್ತೆ!"

"ಮಾಡಬೇಕು. ಆದರೆ ಕೋಟಿನ ಬಟ್ಟೆಯೇ ಹೊರಗಿನ ಚಳಿಗೆ ತಣ್ಣಗಾಗಿರುತ್ತಲ್ಲ, ಆವಿ ಹೊರಗೆ ಹೋಗೋ ಮೊದಲೇ ಒಳಮೈಯಲ್ಲಿ ನೀರಾಗಿ ಕೂರುತ್ತೆ. ಜನ ಅದನ್ನ ನೋಡಿ ಕೋಟು ಸೋರ್ತಿದೆ ಅಂತ ಬೈತಾರೆ. ಮುಕ್ಕಾಲು ಪಾಲು ಅದು ಅವರದೇ ಬೆವರು."

ಚೀಟಿಯ ಮೇಲಿನ ಸಂಖ್ಯೆಗಳತ್ತ ಮಾತು ಹೊರಳಿತು. 20,000 ಮಿ.ಮೀ. ಎಂದು ಒಂದು, 20,000 ಗ್ರಾಂ ಎಂದು ಇನ್ನೊಂದು. ಮೊದಲನೆಯದು ನೀರಿನ ಒತ್ತಡದ್ದು. ಬಟ್ಟೆಯನ್ನು ಬಿಗಿದು, ಒಂದು ಕಡೆಯಿಂದ ನೀರಿನ ಒತ್ತಡ ಏರಿಸುತ್ತ ಹೋಗುತ್ತಾರೆ. ಮೂರು ಕಡೆ ಹನಿ ಒಸರಿದಾಗಿನ ಒತ್ತಡವನ್ನು ನೀರಿನ ಕಂಬದ ಎತ್ತರದಲ್ಲಿ ಹೇಳುತ್ತಾರೆ. 20,000 ಎಂದರೆ 20 ಮೀಟರ್ ಎತ್ತರದ ನೀರು. ಬೀಳುವ ಮಳೆ ಅಷ್ಟು ಒತ್ತುವುದೇ ಇಲ್ಲ. ಮಂಡಿ ಒತ್ತುತ್ತದೆ. ಬೇಟೆಯಲ್ಲಿ ಮಂಡಿಯೂರಿ ಕೂರುವುದು ಪದೇ ಪದೇ ಬರುವ ಕೆಲಸ. 60 ಕೆ.ಜಿ. ಭಾರ 60 ಚದರ ಸೆಂಟಿಮೀಟರ್ ಮೇಲೆ ಬಿದ್ದರೆ ಅದು 10 ಮೀಟರ್ ನೀರಿನ ಒತ್ತಡಕ್ಕೆ ಸಮ. ಚೀಲದ ಪಟ್ಟಿ ಕೂತ ಹೆಗಲು, ನೆಲಕ್ಕೆ ತಾಗಿದ ಪೃಷ್ಠ, ಈ ಜಾಗಗಳಿಗೂ ಅದೇ ಕಥೆ. ದೊಡ್ಡ ಸಂಖ್ಯೆಯ ಬಟ್ಟೆ ಹೆಚ್ಚು ಬೇಕಾಗುವುದು ಈ ಕಾರಣಕ್ಕೆ ಪ್ಯಾಂಟಿನಲ್ಲಿ, ಕೋಟಿನ ಹೆಗಲಿನಲ್ಲಿ.

ಎರಡನೆಯ ಸಂಖ್ಯೆ ಒಂದು ಚದರ ಮೀಟರ್ ಬಟ್ಟೆ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ದಾಟಿಸುತ್ತದೆ ಎಂಬುದರದ್ದು. 20,000 ಎಂದರೆ ಗಂಟೆಗೆ 830 ಗ್ರಾಂ ಚಿಲ್ಲರೆ. ಚೀಲ ಹೊತ್ತು ಏರು ಹತ್ತುವಾಗ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರು ಸುರಿಯಬಹುದು. ಕಾಗದದ ಮೇಲೆ ಸರಿಹೋಯಿತು ಅನ್ನಿಸುತ್ತದೆ. ಆದರೆ ಆ ಸಂಖ್ಯೆ ಪ್ರಯೋಗಾಲಯದ ಹೊಸ, ಸ್ವಚ್ಛ ಬಟ್ಟೆಯದು. ಪರೀಕ್ಷೆಯ ವಿಧಾನಗಳೂ ಹಲವು, ಆದ್ದರಿಂದ ಒಂದು ಕಂಪನಿಯ 20,000 ಇನ್ನೊಂದರ 20,000ಕ್ಕೆ ಸಮವೆಂದು ಹೇಳಲಾಗದು.

"ಸಂಖ್ಯೆಗಿಂತ ಕಂಕುಳ ಕೆಳಗಿನ ಜಿಪ್ ನೋಡು," ಎಂದರು ಅವರು. "ಅದನ್ನ ತೆರೆದರೆ ಗಾಳಿಯಾಡುತ್ತೆ. ನಮ್ಮ ಕಡೆ ನಾಟಿ ಮಾಡೋ ಹೆಂಗಸರ ಗೊರಬು ನೆನಪಿದೆಯಾ? ಬಿದಿರಿನ ಹಂದರ, ಮೇಲೆ ಎಲೆ, ತಲೆಯಿಂದ ಸೊಂಟದವರೆಗೆ ಬೆನ್ನು ಮುಚ್ಚಿರುತ್ತೆ. ಮುಂದೆ ಪೂರ್ತಿ ತೆರೆದಿರುತ್ತೆ. ಎರಡು ಕೈಯೂ ಕೆಲಸಕ್ಕೆ ಬಿಡುವು. ಇಡೀ ದಿನ ಬಗ್ಗಿ ದುಡಿದರೂ ಬೆವರು ಒಳಗೆ ಸಿಕ್ಕಿಹಾಕಿಕೊಳ್ಳೋದಿಲ್ಲ. ಸೆಖೆಯ ಮಳೆಗೆ ಅದಕ್ಕಿಂತ ಒಳ್ಳೆ ಉತ್ತರ ನಾನು ಇನ್ನೂ ನೋಡಿಲ್ಲ."

ಎರಡನೆಯ ಕೋಟು ಪಿವಿಸಿ ಬಳಿದ ದಪ್ಪ ಹಸಿರಿನದು, ಮೀನುಗಾರರು ತೊಡುವ ಬಗೆ. ಬೆಲೆ ಮೂರರಲ್ಲಿ ಅತಿ ಕಡಿಮೆ. ಈ ಕುಲದ ಉಡುಪಿಗೆ ಹಳೆಯ ಚರಿತ್ರೆಯಿದೆ. ಗ್ಲಾಸ್ಗೋದ ರಸಾಯನತಜ್ಞ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರು ಹಚ್ಚುವ ವಿಧಾನಕ್ಕೆ ಪೇಟೆಂಟ್ ಪಡೆದರು. ನಾರ್ವೆಯ ಹಡಗಿನ ಕಪ್ತಾನ ಹೆಲ್ಲಿ ಯೂಯೆಲ್ ಹಾನ್ಸೆನ್ 1877ರಲ್ಲಿ ಅಗಸೆ ಎಣ್ಣೆಯಲ್ಲಿ ನೆನೆಸಿದ ನಾರುಬಟ್ಟೆಯ ಕೋಟುಗಳನ್ನು ಮಾಡಲು ತೊಡಗಿದರು. ನೀರು ತಡೆಯುವುದರಲ್ಲಿ ಈ ದಾರಿಯನ್ನು ಮೀರಿಸುವುದು ಇಂದಿಗೂ ಕಷ್ಟ.

"ಹಾಗಾದರೆ ಇದನ್ನೇ ತಗೊಂಡರೆ? ದುಡ್ಡೂ ಉಳಿಯುತ್ತೆ."

"ದಿನವಿಡೀ ಒಂದೇ ಕಡೆ ಕೂರೋರಿಗೆ, ದೋಣಿಯಲ್ಲಿ ಬಾತುಕೋಳಿ ಬೇಟೆಗೆ ಹೋಗೋರಿಗೆ ಇದೇ ಸರಿ. ಅವರು ಬೆವರೋದಿಲ್ಲ, ನೀರು ಮಾತ್ರ ಎಲ್ಲ ಕಡೆಯಿಂದ ಬರುತ್ತೆ. ನೀನು ನಡೆಯೋಳು. ಅರ್ಧ ಗಂಟೆ ಏರು ಹತ್ತಿದರೆ ಒಳಗಿನಿಂದಲೇ ತೊಯ್ದು ತೊಪ್ಪೆ ಆಗ್ತೀಯ. ಆಮೇಲೆ ಕೂತಾಗ ಅದೇ ಬೆವರು ತಣ್ಣಗಾಗುತ್ತೆ."

ಹಾಗೆ ಹೇಳಿ ಅವರು ಮೂರೂ ಕೋಟುಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಕಣ್ಣು ಮುಚ್ಚಿ ಕೇಳು ಎಂದರು. ಒಂದೊಂದರ ತೋಳನ್ನೂ ಮೈಗೆ ಉಜ್ಜಿದರು. ಬೆಟ್ಟದ ಕೋಟು ಗರಗರ ಸದ್ದು ಮಾಡಿತು. ಪಿವಿಸಿ ಕೀರಲು ಹೊರಡಿಸಿತು. ಮೂರನೆಯದು, ಹೊರಮೈಯಲ್ಲಿ ಹೆಣೆದ ಮೆತ್ತನೆ ಬಟ್ಟೆಯಿದ್ದು ಒಳಗೆ ಪೊರೆ ಅಡಗಿಸಿದ ಬೇಟೆಯ ಕೋಟು, ಉಸಿರಿನಷ್ಟೇ ಸದ್ದು ಮಾಡಿತು.

"ಇಷ್ಟು ಸಣ್ಣ ಸದ್ದು ಮಳೆಯಲ್ಲಿ ಜಿಂಕೆಗೆ ಕೇಳುತ್ತಾ?"

ಕೇಳುತ್ತದೆ. ಬಿಳಿಬಾಲದ ಜಿಂಕೆಗಳ ಶ್ರವಣವನ್ನು ಅಳೆದ ಪರೀಕ್ಷೆಗಳಲ್ಲಿ ಅವುಗಳ ಕಿವಿ 4ರಿಂದ 8 ಕಿಲೋಹರ್ಟ್ಸ್ ನಡುವೆ ಅತಿ ಚುರುಕು ಎಂದು, ಮನುಷ್ಯರಿಗೆ ಕೇಳಿಸದ ಎತ್ತರದ ಸ್ವರಗಳೂ ಅವಕ್ಕೆ ಕೇಳಿಸುತ್ತವೆ ಎಂದು ತಿಳಿದುಬಂದಿದೆ. ಗಟ್ಟಿ ನೈಲಾನ್ ಉಜ್ಜುವ ಸದ್ದಿನಲ್ಲಿ ಎತ್ತರದ ಸ್ವರಗಳೇ ಹೆಚ್ಚು. ಜೋರು ಮಳೆ ಅದನ್ನು ಮುಚ್ಚುತ್ತದೆ ನಿಜ. ಆದರೆ ಬೇಟೆಗೆ ಒಳ್ಳೆಯ ಹೊತ್ತು ಮಳೆ ತಗ್ಗಿ ಜಿಂಕೆ ಮೇಯಲು ಎದ್ದಾಗ. ಆಗ ಕಾಡಿನಲ್ಲಿ ಮರದಿಂದ ತೊಟ್ಟಿಕ್ಕುವ ಹನಿ ಬಿಟ್ಟರೆ ಬೇರೆ ಸದ್ದಿರುವುದಿಲ್ಲ. ಕೋವಿ ಎತ್ತುವ ಕೈಯ ತೋಳು ಆ ಗಳಿಗೆಯಲ್ಲಿ ಗರ್ ಎಂದರೆ ಅಷ್ಟೂ ಹೊತ್ತಿನ ಕಾಯುವಿಕೆ ಮುಗಿದ ಹಾಗೆ.

ಸದ್ದಿಲ್ಲದ ಬಟ್ಟೆಯ ಹುಡುಕಾಟ ಇಂದಿನದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಮ್ಯಾಂಚೆಸ್ಟರಿನ ಶರ್ಲಿ ಸಂಸ್ಥೆ ಸಮುದ್ರಕ್ಕೆ ಬೀಳುವ ವಿಮಾನ ಚಾಲಕರಿಗಾಗಿ ವೆಂಟೈಲ್ ಎಂಬ ಹತ್ತಿ ಬಟ್ಟೆಯನ್ನು ರೂಪಿಸಿತು. ಬಹಳ ಒತ್ತಾಗಿ ನೇಯ್ದ ಅದರ ನೂಲು ನೀರು ತಾಗಿದೊಡನೆ ಉಬ್ಬಿ ಸಂದುಗಳನ್ನು ಮುಚ್ಚಿಕೊಳ್ಳುತ್ತದೆ. ನೆನೆದಾಗ ಭಾರ, ಒಣಗಲು ನಿಧಾನ, ಆದರೆ ಸದ್ದು ಕಡಿಮೆ. ಬ್ರಿಟನ್ನಿನ ಬೇಟೆಗಾರರೂ ಪಕ್ಷಿ ಛಾಯಾಗ್ರಾಹಕರೂ ಅದನ್ನು ಇನ್ನೂ ಮೆಚ್ಚುವುದು ಇದಕ್ಕೇ.

"ಮೆತ್ತನೆ ಕೋಟಿಗೂ ದೋಷ ಇದೆ," ಹಿರಿಯರು ಎಚ್ಚರಿಸಿದರು. "ಹೊರಮೈ ನೀರು ಹೀರಿಕೊಳ್ಳುತ್ತೆ. ಮಧ್ಯಾಹ್ನದ ಹೊತ್ತಿಗೆ ಭಾರ ಆಗುತ್ತೆ, ರಾತ್ರಿ ಟೆಂಟಿನಲ್ಲಿ ಒಣಗೋದಿಲ್ಲ. ಅದರ ಮೇಲಿನ ಲೇಪ ಚೆನ್ನಾಗಿರೋವರೆಗೆ ಮಾತ್ರ ಹನಿ ಉರುಳಿ ಹೋಗುತ್ತೆ."

ಆ ಲೇಪದ ಮಾತು ಪ್ರತ್ಯೇಕವಾಗಿ ಆಡಬೇಕಾದದ್ದು. ಪೊರೆಯ ಕೋಟು ಯಾವುದೇ ಇರಲಿ, ಹೊರಬಟ್ಟೆಗೆ ನೀರು ಹತ್ತದಂತೆ ಒಂದು ತೆಳು ಲೇಪ ಬಳಿದಿರುತ್ತಾರೆ. ಅದು ಸವೆದರೆ ಹೊರಬಟ್ಟೆ ತೊಯ್ದು ಅಂಟಿಕೊಳ್ಳುತ್ತದೆ. ನೀರು ಒಳಗೆ ಬರದಿದ್ದರೂ ಆವಿ ಹೊರಗೆ ಹೋಗುವ ದಾರಿ ಮುಚ್ಚುತ್ತದೆ, ಮೈಗೆ ಒದ್ದೆ ಬಟ್ಟೆ ಹೊದ್ದ ಚಳಿ. ದಶಕಗಳ ಕಾಲ ಈ ಲೇಪಕ್ಕೆ ಬಳಸಿದ್ದು ಪಿಎಫ್‌ಎಎಸ್ ಎಂಬ ಫ್ಲೋರಿನ್ ರಾಸಾಯನಿಕಗಳನ್ನು. ಅವು ಮಣ್ಣಿನಲ್ಲಿ, ನೀರಿನಲ್ಲಿ ಕೊಳೆಯದೆ ಉಳಿಯುತ್ತವೆ, ಜೀವಿಗಳ ರಕ್ತಕ್ಕೂ ಸೇರುತ್ತವೆ. ಕ್ಯಾಲಿಫೋರ್ನಿಯಾ 2025ರ ಜನವರಿ 1ರಿಂದ ಇವುಗಳಿರುವ ಹೊಸ ಬಟ್ಟೆಗಳ ಮಾರಾಟವನ್ನು ನಿಷೇಧಿಸಿತು. ವಿಪರೀತ ಮಳೆಗೆಂದೇ ಮಾಡಿದ ಉಡುಪುಗಳಿಗೆ, ರಾಸಾಯನಿಕ ಇದೆಯೆಂದು ಚೀಟಿಯಲ್ಲಿ ತಿಳಿಸಬೇಕೆಂಬ ಷರತ್ತಿನ ಮೇಲೆ, 2028ರವರೆಗೆ ಕಾಲಾವಕಾಶ ಕೊಟ್ಟಿತು. ಗೋರ್ ಕಂಪನಿ ಕೂಡ ಫ್ಲೋರಿನ್ ಇಲ್ಲದ ಪಾಲಿಎಥಿಲೀನ್ ಪೊರೆಯನ್ನು ಮಾರುಕಟ್ಟೆಗೆ ತಂದಿದೆ.

"ಹೊಸ ಲೇಪ ಹಳೆಯದರಷ್ಟೇ ಬಾಳಿಕೆ ಬರುತ್ತಾ?"

"ನೀರು ತಡೆಯುತ್ತೆ, ಎಣ್ಣೆ ತಡೆಯೋದಿಲ್ಲ. ಮೈಯ ಜಿಡ್ಡು, ಕೋವಿಯ ಎಣ್ಣೆ, ಒಲೆಯ ಮಸಿ ಹತ್ತಿದರೆ ಬೇಗ ಸೋಲುತ್ತೆ. ಅದಕ್ಕೇ ಆಗಾಗ ಒಗೆಯಬೇಕು. ಒಗೆದರೆ ಹಾಳಾಗುತ್ತೆ ಅಂತ ಜನ ಒಗೆಯೋದೇ ಇಲ್ಲ. ಇಂಥ ಬಟ್ಟೆಗೆಂದೇ ಇರೋ ದ್ರವದಲ್ಲಿ ಒಗೆದು, ಡ್ರೈಯರಿನಲ್ಲಿ ಸಣ್ಣ ಬಿಸಿಯಲ್ಲಿ ತಿರುಗಿಸು. ಬಿಸಿ ತಾಗಿದರೆ ಲೇಪ ಮತ್ತೆ ಎದ್ದು ನಿಲ್ಲುತ್ತೆ. ಸಾಮಾನ್ಯ ಸೋಪಿನ ಪುಡಿ ಮಾತ್ರ ಬೇಡ. ಅದರಲ್ಲಿ ಬಟ್ಟೆ ಹೊಳೆಯೋ ಹಾಗೆ ಮಾಡೋ ವಸ್ತು ಇರುತ್ತೆ."

"ಹೊಳೆದರೆ ಜಿಂಕೆಗೆ ಕಾಣುತ್ತೆ ಅಂತಾನಾ?"

"ಹೌದು. ತರಬೇತಿಯಲ್ಲಿ ಕಿತ್ತಳೆ ಬಣ್ಣದ ಬಗ್ಗೆ ಹೇಳಿರ್ತಾರಲ್ಲ?"

ಹೇಳಿದ್ದರು. ವಾಷಿಂಗ್ಟನ್‌ನಲ್ಲಿ ಬಂದೂಕಿನ ಜಿಂಕೆ ಋತುವಿನಲ್ಲಿ ಸೊಂಟದ ಮೇಲೆ ಕನಿಷ್ಠ 400 ಚದರ ಅಂಗುಲ ಹೊಳೆಯುವ ಕಿತ್ತಳೆ ಬಣ್ಣ ತೊಡಬೇಕು. 2019ರ ಕಾನೂನಿನಿಂದ ಗುಲಾಬಿಯೂ ಆಗಬಹುದು. ಬೇರೆ ಬೇಟೆಗಾರರ ಕಣ್ಣಿಗೆ ಅದು ಎದ್ದು ಕಾಣಲಿ ಎಂದು. ಜಿಂಕೆಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆಯವು, ಒಂದು ನೀಲಿಗೆ, ಒಂದು ಹಸಿರಿಗೆ. ಕೆಂಪು, ಕಿತ್ತಳೆ ಅದಕ್ಕೆ ಮಂಕು. ಬದಲಿಗೆ ನಮಗೆ ಕಾಣದ ನೇರಳಾತೀತ ಬೆಳಕು ಅದರ ಕಣ್ಣಿನ ಮಸೂರವನ್ನು ದಾಟಿ ಹೋಗುತ್ತದೆ. ಸೋಪಿನ ಹೊಳಪು ಆ ಬೆಳಕನ್ನು ಹೀರಿ ನೀಲಿಯಾಗಿ ಹೊರಸೂಸುತ್ತದೆ. ಜಿಂಕೆಗೆ ಚೆನ್ನಾಗಿ ಕಾಣುವುದು ಅದೇ ನೀಲಿ. ಮೋಡ ಕವಿದ ನಸುಕಿನಲ್ಲಿ ಅದು ಇನ್ನೂ ಎದ್ದು ತೋರುತ್ತದೆ.

ಅವಳಿಗೆ ಇನ್ನೊಂದು ಸಂಗತಿ ಹೊಳೆಯಿತು. "ನಾನು ತಗೊಂಡಿರೋ ಕಿತ್ತಳೆ ವೆಸ್ಟು ಚಿಕ್ಕದು. ಮಳೆ ಬಂತು ಅಂತ ಅದರ ಮೇಲೆ ಕೋಟು ಹಾಕಿದರೆ ಬಣ್ಣವೇ ಮುಚ್ಚಿಹೋಗುತ್ತೆ."

"ದೊಡ್ಡದು ತಗೋ. ಎಲ್ಲದರ ಮೇಲೆ, ಚೀಲದ ಮೇಲೂ ಸರಿಯಾಗಿ ಕೂರೋ ಹಾಗೆ. ಕೋಟಿನ ಟೊಪ್ಪಿಗೆ ಎಷ್ಟಾಗುತ್ತೋ ಅಷ್ಟು ಕೆಳಗಿರಲಿ. ಅದನ್ನ ಎಳೆದುಕೊಂಡ ಕೂಡಲೇ ಎರಡು ಪಕ್ಕದ ನೋಟ ಹೋಗುತ್ತೆ, ಮೇಲೆ ಬೀಳೋ ಹನಿಯ ಸದ್ದು ಬಿಟ್ಟು ಬೇರೆ ಕೇಳೋದಿಲ್ಲ. ಗುರಿಯ ಹಿಂದೆ ಏನಿದೆ, ಪಕ್ಕದಲ್ಲಿ ಯಾರಿದ್ದಾರೆ ತಿಳಿಯದೆ ಕೋವಿಯ ಕುದುರೆ ಮುಟ್ಟೋ ಹಾಗಿಲ್ಲ. ಅಂಚು ಅಗಲವಾದ ಟೋಪಿ ಒಂದು ಹಾಕ್ಕೋ. ಕುತ್ತಿಗೆಗೆ ಉಣ್ಣೆ ಸುತ್ತಿಕೋ."

ಉಣ್ಣೆ ಎಂದೊಡನೆ ಹಿರಿಯರ ಮಾತಿಗೆ ಬೇರೆ ಬಿಸಿ ಬಂತು. ಕೋಟಿಗೆ ಖರ್ಚು ಮಾಡುವುದರಲ್ಲಿ ಅರ್ಧವನ್ನು ಅದರ ಒಳಗಿನ ಪದರಕ್ಕೆ ಹಾಕಬೇಕೆಂಬುದು ಅವರ ದೃಢ ನಿಲುವು. ಹತ್ತಿ ನೆನೆದರೆ ಮೈಗೆ ಅಂಟಿ ಶಾಖ ಕದಿಯುತ್ತದೆ, ಆದ್ದರಿಂದ ಜೀನ್ಸೂ ಟೀಶರ್ಟೂ ಮನೆಯಲ್ಲೇ ಇರಲಿ. ಹಕ್ಕಿಯ ಪುಕ್ಕ ತುಂಬಿದ ಜಾಕೆಟ್ ನೆನೆದರೆ ಮುದ್ದೆಯಾಗುತ್ತದೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವವನ್ನು ಎಳೆಯೊಳಗೇ ಹಿಡಿದಿಟ್ಟುಕೊಂಡು ಮೈಗೆ ಒದ್ದೆ ಅನ್ನಿಸದಂತೆ ನೋಡಿಕೊಳ್ಳುತ್ತದೆ, ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಪೂರ್ತಿ ತೊಯ್ದಾಗಲೂ ಎಳೆಗಳ ಸುರುಳಿ ಕುಸಿಯದೆ ನಡುವೆ ಗಾಳಿ ಉಳಿಯುತ್ತದೆ. 1897ರಲ್ಲಿ ಸಿ.ಸಿ. ಫಿಲ್ಸನ್ ಕ್ಲಾಂಡೈಕಿಗೆ ಚಿನ್ನ ಹುಡುಕಿ ಹೊರಟವರಿಗಾಗಿ ಸಿಯಾಟಲ್‌ನಲ್ಲಿ ಅಂಗಡಿ ತೆರೆದಾಗ ಮಾರಿದ್ದು ದಪ್ಪ ಮ್ಯಾಕಿನಾ ಉಣ್ಣೆಯ ಬಟ್ಟೆಗಳನ್ನು. ಆಲ್ಪ್ಸ್ ಬೆಟ್ಟಗಳ ಬೇಟೆಗಾರರು ಇಂದಿಗೂ ತೊಡುವ ಲೋಡನ್ ಕೋಟು ಕೂಡ ನೀರಿನಲ್ಲಿ ತುಳಿದು ಗಟ್ಟಿ ಮಾಡಿದ ಉಣ್ಣೆ.

"ನಮ್ಮ ಕಂಬಳಿಯ ಹಾಗೆ?"

"ಹತ್ತಿರದ ಬುದ್ಧಿ. ಚಿತ್ರದುರ್ಗ, ಬಳ್ಳಾರಿ ಕಡೆ ಕುರುಬರು ಡೆಕ್ಕನಿ ಕುರಿಯ ಉಣ್ಣೆ ನೂತು, ನೇಯ್ದು, ಹುಣಸೆ ಬೀಜದ ಗಂಜಿ ಹಚ್ಚಿ ಬಿಗಿ ಮಾಡ್ತಾರೆ. ಅದನ್ನ ಕೊಪ್ಪೆ ಮಾಡಿ ತಲೆ ಮೇಲೆ ಹಾಕ್ಕೊಂಡು ನಮ್ಮ ಅಪ್ಪ ಗದ್ದೆಗೆ ಹೋಗ್ತಿದ್ದರು. ಗಂಜಿಯ ಬಿಗಿ ಇರೋವರೆಗೆ ಹನಿ ಜಾರಿ ಹೋಗುತ್ತೆ. ನೆನೆದ ಮೇಲೂ ಒಳಗೆ ಬೆಚ್ಚಗೆ. ಆದರೆ ನೆನೆದ ಕಂಬಳಿಯ ಭಾರ ಹೊತ್ತು ಬೆಟ್ಟ ಹತ್ತೋಕಾಗಲ್ಲ. ಅದರ ಗುಣವನ್ನ ತೆಳು ಮೆರಿನೊ ಬನಿಯನ್ನಿನಲ್ಲಿ, ಉಣ್ಣೆ ಅಂಗಿಯಲ್ಲಿ ತಗೋ."

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಗೆ ಕಾನೂನಿನ ಕಡಿವಾಣ ಬಿತ್ತು. ಹಿರಿಯರು ಊರಿನಲ್ಲಿ ಕಲಿತ ಮಳೆಯ ಪಾಠವೆಲ್ಲ ಗದ್ದೆ, ತೋಟದ್ದೇ. ಆ ಪಾಠವೇ ಇಲ್ಲಿ ಕೆಲಸಕ್ಕೆ ಬಂದ ಇನ್ನೊಂದು ಜಾಗ ಕಾಲು. ಏಲಕ್ಕಿ ತೋಟದಲ್ಲಿ ಓಡಾಡಿದವರಿಗೆ ಗೊತ್ತು, ಮಳೆ ನಿಂತ ಮೇಲೂ ಗಿಡ ನೆನೆಸುತ್ತದೆ. ಹೋ ಕಣಿವೆಯಲ್ಲಿ ಸಿಟ್ಕಾ ಸ್ಪ್ರೂಸ್, ಹೆಮ್ಲಾಕ್ ಮರಗಳ ಕೆಳಗೆ ಸಲಾಲ್ ಪೊದೆ, ಹಕಲ್‌ಬೆರಿ, ಎದೆಮಟ್ಟದ ಜರಿಗಿಡ. ಆಕಾಶ ತಿಳಿಯಾದರೂ ಅವು ಗಂಟೆಗಟ್ಟಲೆ ನೀರು ಹಿಡಿದಿರುತ್ತವೆ. ತೊಡೆ, ಮಂಡಿಗಳೇ ಮೊದಲು ತೊಯ್ಯುವುದು. ಡೆವಿಲ್ಸ್ ಕ್ಲಬ್ ಎಂಬ ಮುಳ್ಳುಗಿಡ ಹಗುರ ಬಟ್ಟೆಯನ್ನು ಸೀಳಿಬಿಡುತ್ತದೆ. ಅದಕ್ಕೆ ಪ್ಯಾಂಟು ಕೋಟಿಗಿಂತ ದಪ್ಪನಾದ ಬಟ್ಟೆಯದಾಗಿರಬೇಕು, ಬೂಟು ಬಿಚ್ಚದೆ ತೊಡಲು ಪಕ್ಕದಲ್ಲಿ ಉದ್ದ ಜಿಪ್ ಇರಬೇಕು. ಪ್ಯಾಂಟಿನ ಅಂಚು ಗಂಬೂಟಿನ ಹೊರಗಿರಬೇಕು. ಒಳಗೆ ತುರುಕಿದರೆ ಮೈಮೇಲಿನ ನೀರೆಲ್ಲ ಇಳಿದು ಬೂಟು ತುಂಬುತ್ತದೆ.

"ತೋಳಿಗೂ ಅದೇ ತಾನೇ? ದುರ್ಬೀನು ಎತ್ತಿದಾಗೆಲ್ಲ ನೀರು ಮೊಣಕೈಗೆ ಇಳಿಯುತ್ತೆ."

"ಮುಂಗೈ ಪಟ್ಟಿ ಬಿಗಿಯೋಕೆ ಬರಬೇಕು, ಮೆತ್ತಗಿರಬೇಕು. ಕೈಗವಸು ಒಂದು ಜೊತೆ ನೆನೆದಾಗ ಇನ್ನೊಂದು ಜೊತೆ ಒಣಗಿರಬೇಕು. ಅದನ್ನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡು. ಕೋವಿಗೂ ಮಳೆಕೋಟು ಬೇಕು ಗೊತ್ತಾ? ನಳಿಗೆಯ ಬಾಯಿಗೆ ಎಲೆಕ್ಟ್ರಿಕ್ ಟೇಪಿನ ಒಂದು ಪದರ ಅಂಟಿಸು. ಗುಂಡಿನ ಮುಂದಿನ ಗಾಳಿಯೇ ಅದನ್ನ ಹಾರಿಸುತ್ತೆ. ಬಟ್ಟೆ, ಬಿರಡೆ ಯಾವತ್ತೂ ತುರುಕಬಾರದು. ನಳಿಗೆಯೊಳಗೆ ನೀರು, ಮಣ್ಣು ಹೋಗಿದೆ ಅನ್ನಿಸಿದರೆ ಗುಂಡು ಪೂರ್ತಿ ತೆಗೆದು ನೋಡಿ, ಒರೆಸಿಯೇ ಮುಂದಿನ ಹೆಜ್ಜೆ. ಸ್ಕೋಪಿನ ಗಾಜಿಗೆ ಮುಚ್ಚಳ ಇರಲಿ, ಅದರ ಹತ್ತಿರ ಉಸಿರು ಬಿಡಬೇಡ."

ಅವಳು ಬರೆದುಕೊಳ್ಳುತ್ತಿದ್ದವಳು ತಲೆಯೆತ್ತಿದಳು. "ಇಷ್ಟೆಲ್ಲ ಸರಿಯಾಗಿದ್ದು, ಜೋರು ಮಳೆಯಲ್ಲಿ ಜಿಂಕೆ ಎದುರಿಗೆ ಬಂತು. ಆಗ?"

"ಆಗ ಹೊಡೆಯದೇ ಇರೋದು ಒಳ್ಳೇದು, ಹತ್ತಿರದಲ್ಲಿ, ಖಚಿತವಾಗಿ, ಪಕ್ಕಕ್ಕೆ ನಿಂತಿದ್ದರೆ ಹೊರತು. ಗುಂಡು ತಾಗಿದ ಮೇಲೂ ಜಿಂಕೆ ದೂರ ಓಡಬಹುದು. ಅದನ್ನ ಹುಡುಕೋದು ರಕ್ತದ ಗುರುತಿನಿಂದ. ಮಳೆ ಆ ಗುರುತನ್ನ ನೋಡನೋಡ್ತಾ ತೊಳೆದುಬಿಡುತ್ತೆ. ಈ ಪೊದೆಗಳಲ್ಲಿ ಗಾಯಗೊಂಡ ಪ್ರಾಣಿ ಕೈತಪ್ಪಿದರೆ ಅದು ನರಳಿ ಸಾಯುತ್ತೆ, ಮಾಂಸ ಯಾರಿಗೂ ಇಲ್ಲ. ಒಳ್ಳೆ ಉಡುಪಿನ ಉಪಯೋಗ ಅಲ್ಲಿ ಬರೋದು. ಚಳಿಗೆ ನಡುಗ್ತಿರೋನು ಬೇಗ ಮುಗಿಸಿ ಗಾಡಿಗೆ ಹೋಗೋಣ ಅಂತ ಹೊಡೀತಾನೆ. ಬೆಚ್ಚಗಿರೋನು ಇನ್ನೂ ಸ್ವಲ್ಪ ಕಾಯ್ತಾನೆ, ಬೇಡ ಅನ್ನಿಸಿದರೆ ಬಿಡ್ತಾನೆ."

ಕೆಲವು ಗಳಿಗೆ ಅವಳು ಏನೂ ಹೇಳಲಿಲ್ಲ. ಆಮೇಲೆ ಕೇಳಿದ್ದು ಹೊಡೆದ ನಂತರದ ಕೆಲಸದ ಬಗ್ಗೆ. ನವೆಂಬರ್ ನಡುವಿನಲ್ಲಿ ಇಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಚರ್ಮ ಸುಲಿದು, ಮಾಂಸ ಬಿಡಿಸಿ, ಚೀಲಕ್ಕೆ ತುಂಬಲು ಗಂಟೆಗಳೇ ಬೇಕು. ಅಷ್ಟು ಹೊತ್ತು ಒಂದೇ ಕಡೆ ಬಗ್ಗಿ ಕೂರಬೇಕು, ತೋಳು ಮಡಚಿರಬೇಕು. ಯಾವ ಕೋಟೂ ಅಲ್ಲಿ ಸಾಲದು. ಹಿರಿಯರ ಉತ್ತರ ಒಂದು ತೆಳು ನೈಲಾನ್ ಟಾರ್ಪಾಲು, ಎರಡೂವರೆ ಮೀಟರಿಗೆ ಮೂರು ಮೀಟರಿನದು, ಜೊತೆಗೆ ನಾಲ್ಕು ಹಗ್ಗ. ಎರಡು ಮರಕ್ಕೆ ಓರೆಯಾಗಿ ಕಟ್ಟಿದರೆ ಕೆಲಸಕ್ಕೆ ಮಾಡು. ಊಟಕ್ಕೆ ಕೂರಲು, ನೆನೆದ ಅಂಗಿ ಬದಲಿಸಲು, ದಾರಿ ತಪ್ಪಿದರೆ ರಾತ್ರಿ ಕಳೆಯಲು ಅದೇ ಆಸರೆ. ಆ ಕಣಿವೆಯಲ್ಲಿ ಬಹಳ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಎಲ್ಲಿಗೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಮರಳುತ್ತೇನೆ ಎಂದು ಬರೆದು ಮನೆಯಲ್ಲಿ ಕೊಟ್ಟು ಹೋಗುವುದನ್ನೂ ಅವರು ಮಳೆಯ ಸಿದ್ಧತೆಯಲ್ಲೇ ಸೇರಿಸಿದರು.

ಆಯ್ಕೆ ಕೊನೆಗೆ ಅವಳದೇ. ಮೆತ್ತನೆ ಹೊರಮೈಯ ಕೋಟನ್ನು ಅವಳು ಉಳಿಸಿಕೊಂಡಳು, ಆದರೆ ಅಂಗಡಿಗೆ ಹೋಗಿ ಒಂದು ಅಳತೆ ದೊಡ್ಡದಕ್ಕೆ ಬದಲಿಸುವುದೆಂದು ತೀರ್ಮಾನಿಸಿದಳು. ಒಳಗೆ ಉಣ್ಣೆ ಅಂಗಿ, ಅದರ ಮೇಲೆ ಕೃತಕ ನಾರಿನ ತೆಳು ಜಾಕೆಟ್ ಹಿಡಿಸಬೇಕಲ್ಲ. ಪಿವಿಸಿ ಕೋಟು ಹಿಂದಕ್ಕೆ. ಬೆಟ್ಟದ ಕೋಟಿನ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಾಗಲಿಲ್ಲ.

"ಅದು ಮುಷ್ಟಿಯಷ್ಟಾಗುತ್ತೆ ಚಿಕ್ಕಪ್ಪ. ಚೀಲದ ತಳದಲ್ಲಿ ಇದ್ದರೆ, ಮೆತ್ತನೇದು ಪೂರ್ತಿ ತೊಯ್ದ ದಿನ ವಾಪಸು ನಡೆಯೋವಾಗ ಹಾಕ್ಕೋಬಹುದು. ಆಗ ಸದ್ದಾದರೆ ಏನಂತೆ?"

"ಆ ದುಡ್ಡಿಗೆ ಒಳ್ಳೆ ಪ್ಯಾಂಟು ಬರುತ್ತೆ, ಎರಡು ಮೆರಿನೊ ಬನಿಯನ್ ಬರುತ್ತೆ, ಟಾರ್ಪಾಲೂ ಬರುತ್ತೆ. ನಿನ್ನ ಹತ್ತಿರ ಈಗ ಪ್ಯಾಂಟೇ ಇಲ್ಲ ಮಾರಾಯ್ತಿ!"

ಅವಳು ಚೀಟಿಯ ಬೆಲೆಯನ್ನು ಮತ್ತೊಮ್ಮೆ ನೋಡಿ, ಅಂಗಡಿಯ ಚೀಲಕ್ಕೆ ಬೆಟ್ಟದ ಕೋಟನ್ನೂ ಮಡಚಿ ತುಂಬಿದಳು. ಬರೆದಿಟ್ಟ ಪಟ್ಟಿಯಲ್ಲಿ ಪ್ಯಾಂಟನ್ನು ಮೊದಲ ಸಾಲಿಗೆ ತಂದಳು. ಶನಿವಾರ ಹೊಸ ಉಡುಪು ತೊಟ್ಟು ಹಿತ್ತಲಿನ ಹುಲ್ಲಿನ ಮೇಲೆ ಮಂಡಿಯೂರಿ ಕೂರುವುದು, ಚಿಕ್ಕಪ್ಪ ಕೊಳವೆಯಿಂದ ಅರ್ಧ ಗಂಟೆ ನೀರು ಬಿಡುವುದು, ದುರ್ಬೀನು ಎತ್ತಿ ಇಳಿಸಿ ಎಲ್ಲೆಲ್ಲಿ ಸೋರುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕುವುದು ಎಂದು ಇಬ್ಬರೂ ಗೊತ್ತುಮಾಡಿಕೊಂಡರು.